ಪೆನಿಕೀಸ್ ದ್ವೀಪದ ಗುರು: ಲೂಯಿ ಅಗಾಸಿ

ಪ್ರಕೃತಿ ವಿಜ್ಞಾನಿ ಲೂಯಿ ಅಗಾಸಿಯವರು 1807ರಲ್ಲಿ ಸ್ವಿಟ್ಜರ್ಲೆಂಡಿನ ಮೋತಿಯೇ ಎಂಬ ಹಳ್ಳಿಯಲ್ಲಿ ಕ್ರೈಸ್ತ ಪಾದ್ರಿಯೊಬ್ಬರ ಮಗನಾಗಿ ಜನಿಸಿದರು. ವೈದ್ಯಶಾಸ್ತ್ರವನ್ನು ಓದಿದರೂ ಅವರ ಮನಸ್ಸು ನೆಟ್ಟದ್ದು ಮೀನುಗಳಲ್ಲಿ. ಶಿಲೆಯಲ್ಲಿ ಅಚ್ಚೊತ್ತಿದ ಪುರಾತನ ಮತ್ಸ್ಯಗಳನ್ನು ಕುರಿತ ಗ್ರಂಥಮಾಲೆಯೂ, ಭೂಮಿಯ ಬಹುಭಾಗವನ್ನು ಒಮ್ಮೆ ಹಿಮ ಆವರಿಸಿತ್ತೆಂಬ ವಾದವೂ ಅವರಿಗೆ ಯುರೋಪಿನಲ್ಲಿ ಕೀರ್ತಿಯನ್ನು ತಂದವು. 1846ರಲ್ಲಿ ಅಮೆರಿಕೆಗೆ ತೆರಳಿ, ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದರು. 1859ರಲ್ಲಿ ಅಲ್ಲಿ ಪ್ರಾಣಿಶಾಸ್ತ್ರದ ವಸ್ತುಸಂಗ್ರಹಾಲಯವನ್ನು ಸ್ಥಾಪಿಸಿದರು.

ಅವರ ಬೋಧನಾಕ್ರಮವೇ ಬೇರೆ. ಹೊಸದಾಗಿ ಬಂದ ಶಿಷ್ಯನ ಮುಂದೆ ಒಂದು ಮೀನನ್ನಿರಿಸಿ, ಕಂಡದ್ದನ್ನು ಹೇಳೆಂದು ಬಿಟ್ಟು ಹೋಗುತ್ತಿದ್ದರು. ಸ್ಯಾಮ್ಯುಯೆಲ್ ಸ್ಕಡರ್ ಎಂಬ ಶಿಷ್ಯ ಮೂರು ದಿನ ಆ ಒಂದೇ ಮೀನನ್ನು ನೋಡಬೇಕಾಯಿತು. ಪಾಠವನ್ನು ಬಾಯಿಪಾಠ ಮಾಡಿಸಿ ಕೃತಾರ್ಥರಾಗುವ ನಾವು ಇಲ್ಲಿ ಕೊಂಚ ನಿಲ್ಲಬೇಕು.

ಈ ಕ್ರಮವನ್ನು ಶಾಲಾ ಅಧ್ಯಾಪಕರಿಗೂ ತಲುಪಿಸಬೇಕೆಂಬ ಹಂಬಲ ಅವರ ಜೀವನದ ಸಂಜೆಯಲ್ಲಿ ಬಲಿಯಿತು. ನ್ಯೂಯಾರ್ಕಿನ ಹೊಗೆಸೊಪ್ಪಿನ ವರ್ತಕ ಜಾನ್ ಆಂಡರ್ಸನ್ ಮ್ಯಾಸಚೂಸೆಟ್ಸ್ ತೀರದ ತಮ್ಮ ಪೆನಿಕೀಸ್ ದ್ವೀಪವನ್ನೂ 50,000 ಡಾಲರುಗಳನ್ನೂ ದಾನವಾಗಿತ್ತರು. 1873ರ ಜುಲೈ 8ರಂದು ಶಾಲೆ ತೆರೆಯಿತು. ಬಡಗಿಗಳ ಕೆಲಸ ಆಗತಾನೇ ಮುಗಿಯುತ್ತಿತ್ತು. ದನಕುರಿಗಳ ಕೊಟ್ಟಿಗೆಯೇ ಊಟಕ್ಕೂ ಉಪನ್ಯಾಸಕ್ಕೂ ನೆಲೆಯಾಯಿತು. ಗುಡಿಸಲಿನಲ್ಲಿ ಆರಂಭವಾಗಿ ಬೆಳೆದ ಶಾಲೆಗಳನ್ನು ಕಂಡ ನಮ್ಮ ಹಿರಿಯರಿಗೆ ಇದು ವಿಚಿತ್ರವೆನಿಸಲಾರದು. ಮೊದಲ ದಿನ ಗುರುಗಳು ಎಲ್ಲರನ್ನೂ ಮೌನಪ್ರಾರ್ಥನೆಗೆ ಕರೆದರು. ಮೇಲೆ ಕವಲುತೋಕೆಯ ಹಕ್ಕಿಗಳು ಒಳಹೊರಗೆ ಹಾರಾಡುತ್ತಿದ್ದವು.

ಸುಮಾರು 50 ಮಂದಿ ವಿದ್ಯಾರ್ಥಿಗಳು. ಬಹುಪಾಲು ಅಧ್ಯಾಪಕರು, ಅವರಲ್ಲಿ ಸ್ತ್ರೀಯರೂ ಇದ್ದರು. ಆ ಕಾಲದಲ್ಲಿ ಇದು ಸಾಮಾನ್ಯ ಸಂಗತಿಯಲ್ಲ. ಬಂಡೆಗಳ ನಡುವಣ ನೀರಿನಲ್ಲಿ ಜೀವಿಗಳನ್ನು ಹುಡುಕುವುದು, ಕಡಲ ತಳದಿಂದ ಬಲೆಗೆ ಬಂದುದನ್ನು ಸೀಳಿ ನೋಡುವುದು, ಚಿತ್ರ ಬರೆಯುವುದು: ಇದೇ ಅವರ ದಿನಚರಿ. ಬೇಸಗೆಯ ಕೊನೆಗೆ ಅವರು ದ್ವೀಪವನ್ನು ಬಿಟ್ಟು ತಮ್ಮ ತಮ್ಮ ಊರಿನ ಶಾಲೆಗಳಿಗೆ ಮರಳಿದರು. ಗುರುಗಳೊಡನೆ ಅಲ್ಲಿ ಮತ್ತೊಂದು ಬೇಸಗೆ ಅವರಿಗೆ ದೊರೆಯಲಿಲ್ಲ. ಅದೇ ಡಿಸೆಂಬರ್ 14ರಂದು ಅಗಾಸಿಯವರು ತೀರಿಕೊಂಡರು.

ಮಗ ಅಲೆಕ್ಸಾಂಡರ್ 1874ರಲ್ಲಿ ಮತ್ತೊಮ್ಮೆ ಶಾಲೆಯನ್ನು ನಡೆಸಿದರು. ಆಮೇಲೆ ವರ್ಷವರ್ಷದ ವೆಚ್ಚಕ್ಕೆ ಹಣ ಒದಗದೆ ಅದು ಮುಚ್ಚಿತು. ಒಮ್ಮೆ ಕೊಟ್ಟ ದೊಡ್ಡ ದಾನ ಕಟ್ಟಡವನ್ನು ನಿಲ್ಲಿಸೀತು, ನಿತ್ಯದ ದಾಸೋಹವನ್ನು ನಡೆಸಲಾರದು ಎಂಬುದನ್ನು ವಿದ್ಯಾಸಂಸ್ಥೆಗಳನ್ನು ನಡೆಸಿದವರು ಬಲ್ಲರು.

ಅಗಾಸಿಯವರ ದೋಷಗಳನ್ನು ಮರೆಮಾಚುವುದು ಉಚಿತವಲ್ಲ. ಡಾರ್ವಿನ್ನರ ವಿಕಾಸವಾದವನ್ನು ಅವರು ಕೊನೆಯವರೆಗೂ ಒಪ್ಪಲಿಲ್ಲ. ಮಾನವಕುಲಗಳು ಬೇರೆಬೇರೆಯಾಗಿ ಸೃಷ್ಟಿಯಾದವೆಂದೂ ಕರಿಯರು ಕೀಳೆಂದೂ ಬರೆದರು. ಮಾನವರೆಲ್ಲ ಒಂದೇ ಎಂದು ಸಾರಿದ ಶರಣರ ನಾಡಿನವರಾದ ನಾವು ಇದನ್ನು ಕ್ಷಮಿಸಲಾಗದು. ನಿನ್ನ ಕಣ್ಣಿನಿಂದಲೇ ನೋಡೆಂದು ಕಲಿಸಿದ ಗುರುವಿನ ಶಿಷ್ಯರು, ಆ ಪಾಠವನ್ನೇ ಅನುಸರಿಸಿ, ವಿಕಾಸವಾದದ ವಿಷಯದಲ್ಲಿ ಗುರುವನ್ನು ಬಿಟ್ಟು ಮುಂದೆ ನಡೆದರು.

ದ್ವೀಪದಲ್ಲಿ ಕಲಿತ ಡೇವಿಡ್ ಸ್ಟಾರ್ ಜೋರ್ಡನ್ 1891ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಪ್ರಥಮ ಅಧ್ಯಕ್ಷರಾದರು. ಬ್ರೂಕ್ಸ್ 1878ರಲ್ಲಿ ಚೆಸಪೀಕ್ ಕೊಲ್ಲಿಯಲ್ಲಿ ಪ್ರಯೋಗಶಾಲೆಯನ್ನು ತೆರೆದರು. 1888ರಲ್ಲಿ ಪೆನಿಕೀಸಿಗೆ ಸಮೀಪದ ವುಡ್ಸ್ ಹೋಲಿನಲ್ಲಿ ಕಡಲ ಜೀವಶಾಸ್ತ್ರದ ಪ್ರಯೋಗಶಾಲೆ ಆರಂಭವಾದಾಗ, ಅದರ ಮೊದಲ ನಿರ್ದೇಶಕ ವಿಟ್‌ಮನ್ ಕೂಡ ಆ ದ್ವೀಪದ ವಿದ್ಯಾರ್ಥಿಯೇ. ಅಲ್ಲಿಗೆ ಮೊದಲ ವರ್ಷವೇ ಸಂಶೋಧನೆಗೆ ಬಂದವರಲ್ಲಿ ಕಾರ್ನೀಲಿಯಾ ಕ್ಲಾಪ್ ಎಂಬ ಅಧ್ಯಾಪಕಿಯೂ ಒಬ್ಬರು. 1874ರ ಬೇಸಗೆಯನ್ನು ಅವರು ಪೆನಿಕೀಸಿನಲ್ಲಿ ಕಳೆದಿದ್ದರು.