ಜಾನ್ ವಾನ್ ನ್ಯೂಮನ್: ಮುಗಿಯದೆ ಉಳಿದ ಉಪನ್ಯಾಸ

ಮನಸ್ಸು ಲೆಕ್ಕ ಮಾಡುವ ಯಂತ್ರವೋ, ಹೊಳೆಯ ನೀರಿನಂತೆ ಕ್ಷಣಕ್ಷಣಕ್ಕೂ ಸ್ಥಿತಿಯನ್ನು ಬದಲಿಸುತ್ತ ಸಾಗುವ ಪ್ರವಾಹವೋ? ಈ ಪ್ರಶ್ನೆಯನ್ನು ಮರಣಶಯ್ಯೆಯವರೆಗೂ ಹೊತ್ತವರು, ಲೆಕ್ಕದ ಯಂತ್ರಕ್ಕೆ ರೂಪಕೊಟ್ಟ ಮಹನೀಯರಲ್ಲೊಬ್ಬರೇ ಆದ ಜಾನ್ ವಾನ್ ನ್ಯೂಮನ್ ಎಂಬುದು ಸೋಜಿಗದ ಸಂಗತಿ.

1903ರ ಡಿಸೆಂಬರ್ 28ರಂದು ಹಂಗೇರಿಯ ಬುಡಾಪೆಸ್ಟ್ ನಗರದ ಶ್ರೀಮಂತ ಯೆಹೂದಿ ಮನೆತನದಲ್ಲಿ ಜನಿಸಿದ ಇವರು 1926ರಲ್ಲಿ ಗಣಿತದಲ್ಲಿ ಡಾಕ್ಟರೇಟ್ ಪಡೆದರು. 1933ರಲ್ಲಿ ಅಮೆರಿಕೆಯ ಪ್ರಿನ್ಸ್‌ಟನ್ನಿನ ಉನ್ನತ ಅಧ್ಯಯನ ಸಂಸ್ಥೆಯ ಪ್ರಾಧ್ಯಾಪಕರಾದರು. ಪರಮಾಣು ಬಾಂಬಿನ ನಿರ್ಮಾಣದಲ್ಲಿಯೂ ಇವರ ಪಾಲಿತ್ತು, ಅದನ್ನು ಮರೆಮಾಚುವಂತಿಲ್ಲ.

1945ರಲ್ಲಿ ಇವರು ಬರೆದ ವರದಿಯೊಂದು, ಆದೇಶಗಳನ್ನೂ ಅಂಕಿಗಳನ್ನೂ ಒಂದೇ ಸ್ಮೃತಿಕೋಶದಲ್ಲಿರಿಸುವ ಗಣಕಯಂತ್ರದ ವಿನ್ಯಾಸವನ್ನು ನಿರೂಪಿಸಿತು. ಆ ವಿನ್ಯಾಸದಲ್ಲಿ ಎಕರ್ಟ್ ಮತ್ತು ಮಾಕ್ಲಿ ಎಂಬ ಯಂತ್ರಶಿಲ್ಪಿಗಳ ಶ್ರಮವೂ ಸೇರಿತ್ತು. ಕೀರ್ತಿ ಮಾತ್ರ ಒಬ್ಬರ ಹೆಸರಿಗೇ ಅಂಟಿಕೊಂಡಿತು. ಮೆಕಲಕ್ ಮತ್ತು ಪಿಟ್ಸ್ ಎಂಬ ವಿದ್ವಾಂಸರು 1943ರಲ್ಲಿ ನರಕೋಶವನ್ನು ತರ್ಕದ ಘಟಕವಾಗಿ ಕಂಡಿದ್ದರು. ಅದನ್ನನುಸರಿಸಿ ವಾನ್ ನ್ಯೂಮನ್ನರೂ ಯಂತ್ರದ ಅಂಗಗಳನ್ನು ನರಕೋಶಗಳಿಗೆ ಹೋಲಿಸಿದರು.

ಈ ಹೋಲಿಕೆ ಎಲ್ಲಿಯವರೆಗೆ ನಿಲ್ಲುವುದೆಂಬ ಸಂದೇಹ ಅವರನ್ನು ಬಿಡಲಿಲ್ಲ. ಯೇಲ್ ವಿಶ್ವವಿದ್ಯಾನಿಲಯವು 1956ರ ಸಿಲಿಮನ್ ಉಪನ್ಯಾಸಗಳಿಗೆ ಆಹ್ವಾನಿಸಿದಾಗ ಅದನ್ನೇ ವಿಷಯವಾಗಿ ಆರಿಸಿಕೊಂಡರು. ಅಷ್ಟರೊಳಗೆ, 1955ರಲ್ಲಿ, ದೇಹವನ್ನು ಕ್ಯಾನ್ಸರ್ ಹೊಕ್ಕಿತ್ತು. ಉಪನ್ಯಾಸ ನಡೆಯಲಿಲ್ಲ, ಬರವಣಿಗೆ ಮಾತ್ರ ಸಾಗಿತು.

ನರಕೋಶವು ಮಿಡಿಯುತ್ತದೆ, ಇಲ್ಲವೇ ಸುಮ್ಮನಿರುತ್ತದೆ. ಇದು ಯಂತ್ರದ ಒಂದು–ಸೊನ್ನೆಗಳಂತೆಯೇ ಸರಿ. ಆದರೆ ಸಂದೇಶ ಅಡಗಿರುವುದು ಬಹುಮಟ್ಟಿಗೆ ಮಿಡಿತಗಳ ವೇಗದಲ್ಲಿ. ಆ ವೇಗವೋ ಅಖಂಡವಾಗಿ ಏರಿಳಿಯುವಂಥದು. ರಾಸಾಯನಿಕ ವ್ಯಾಪಾರಗಳೂ ಅದರೊಡನೆ ಬೆರೆತಿವೆ. ಗಣಕವು ಹತ್ತು ಹನ್ನೆರಡು ಅಂಕಗಳ ನಿಖರತೆಯಿಂದ ಲೆಕ್ಕ ಮಾಡಿದರೆ ನರಮಂಡಲದ ನಿಖರತೆ ಎರಡು ಮೂರು ಅಂಕಗಳಿಗೆ ಮೀರದೆಂದು ಅವರು ಅಂದಾಜಿಸಿದರು. ಇಷ್ಟು ಒರಟಾದ ಸಾಧನದಿಂದ ಉದ್ದುದ್ದ ಲೆಕ್ಕ ಹಾಕಿದರೆ ಹೆಜ್ಜೆಹೆಜ್ಜೆಗೂ ತಪ್ಪು ಬೆಳೆಯಬೇಕು. ಮಿದುಳಾದರೋ ಎಡವದೆ ನಡೆಯುತ್ತದೆ. ಆದುದರಿಂದ ಮಿದುಳಿನ ಒಳನುಡಿ ನಾವು ಕಾಗದದ ಮೇಲೆ ಬರೆಯುವ ಗಣಿತವಾಗಿರಲಾರದೆಂಬ ನಿಲುವಿಗೆ ಬಂದರು. ಗಣಕದ ಶಿಲ್ಪಿಯೇ ಹೀಗೆ ಹೇಳಿದ್ದು ಸಣ್ಣ ಧೈರ್ಯವಲ್ಲ.

1995ರಲ್ಲಿ ಟಿಮ್ ವಾನ್ ಗೆಲ್ಡರ್ ಎಂಬ ತತ್ತ್ವಜ್ಞರು ಈ ಚರ್ಚೆಯನ್ನು ಮುಂದುವರಿಸಿ, ಉಗಿಯಂತ್ರದ ವೇಗವನ್ನು ಹತೋಟಿಯಲ್ಲಿಡುವ ಜೇಮ್ಸ್ ವಾಟ್‌ನ ಸಾಧನವನ್ನು ಮನಸ್ಸಿಗೆ ಉಪಮಾನವಾಗಿ ಮುಂದಿಟ್ಟರು. ಅಲ್ಲಿ ಗುಂಡುಗಳ ಏರಿಕೆಯೂ ಚಕ್ರದ ವೇಗವೂ ಏಕಕಾಲದಲ್ಲಿ ಪರಸ್ಪರ ತಿದ್ದಿಕೊಳ್ಳುತ್ತವೆ; ಹಂತಹಂತವಾದ ಗಣನೆಯೇ ಇಲ್ಲ. ವಾನ್ ನ್ಯೂಮನ್ನರು ಅಷ್ಟು ದೂರ ಹೋದವರಲ್ಲ. ಅವರ ಮಿದುಳಿನಲ್ಲಿ ಎರಡೂ ಬಗೆ ಬೆರೆತಿದ್ದವು.

1956ರಲ್ಲಿ ವಾಷಿಂಗ್ಟನ್ನಿನ ವಾಲ್ಟರ್ ರೀಡ್ ಆಸ್ಪತ್ರೆ ಸೇರಿದಾಗ ಹಸ್ತಪ್ರತಿಯೂ ಜತೆಗೆ ಹೋಯಿತು. ಸ್ಮರಣಶಕ್ತಿಗೆ ಹೆಸರಾದ ಆ ಮನಸ್ಸೇ ಅಲ್ಲಿ ಕುಂದತೊಡಗಿತು. 1957ರ ಫೆಬ್ರವರಿ 8ರಂದು ಅವರು ತೀರಿಕೊಂಡರು. ಪತ್ನಿ ಕ್ಲಾರಾ ಅವರ ಮುನ್ನುಡಿಯೊಡನೆ ಆ ಬರಹ ಮರುವರ್ಷ, ಅಪೂರ್ಣವಾಗಿಯೇ, ಪುಸ್ತಕರೂಪದಲ್ಲಿ ಹೊರಬಂದಿತು.