ಭಾಸ್ಕರಾಚಾರ್ಯನ ಒಂದು ಲೆಕ್ಕ

ಪೂರ್ವಜರ ಕೀರ್ತಿಯನ್ನು ಸಭೆಗಳಲ್ಲಿ ಸಾರುವುದು ಸುಲಭ; ಅವರ ಗಣಿತವನ್ನು ಬಿಡಿಸಿ ತಿಳಿಯುವುದು ಶ್ರಮದ ಕೆಲಸ. ಹಾನಗಲ್ಲಿನ ತಾರಕೇಶ್ವರ ದೇವಾಲಯದ ಕಮಲಾಕಾರದ ಮೇಲ್ಛಾವಣಿಯನ್ನು ಕಂಡು ಬೆರಗಾಗುವ ಹಾನಗಲ್ಲು, ಶಿಗ್ಗಾವಿ, ಸವಣೂರು, ಹಿರೇಕೆರೂರುಗಳ ವಾಚಕರು, ಆ ಶಿಲ್ಪದ ಶತಮಾನದಲ್ಲಿಯೇ ಬಾಳಿದ ಗಣಿತಜ್ಞನೊಬ್ಬನ ಕೃತಿಯನ್ನೂ ಅಷ್ಟೇ ಸಮೀಪದಿಂದ ನೋಡುವುದು ಉಚಿತವು.

ಭಾಸ್ಕರಾಚಾರ್ಯನು ಜನಿಸಿದ್ದು ಕ್ರಿ. ಶ. 1114ರಲ್ಲಿ. ತಂದೆಯಾದ ಮಹೇಶ್ವರನೇ ಆತನ ಗುರು. ಸಹ್ಯಾದ್ರಿಯ ಸೀಮೆಯ ವಿಜ್ಜಡವಿಡವು ತನ್ನ ಊರೆಂದು ಆತನು ಹೇಳಿಕೊಂಡಿರುವನು. ಅದು ನಮ್ಮ ವಿಜಾಪುರವೆಂದು ಕೆಲವರೂ, ಖಾನದೇಶದ ಕಡೆಯ ಊರೆಂದು ಕೆಲವರೂ ವಾದಿಸುತ್ತ ಬಂದಿದ್ದಾರೆ. 1150ರಲ್ಲಿ, 36ನೆಯ ವಯಸ್ಸಿನಲ್ಲಿ, ಆತನು ಸಿದ್ಧಾಂತಶಿರೋಮಣಿಯನ್ನು ಮುಗಿಸಿದನು. ಲೀಲಾವತಿ, ಬೀಜಗಣಿತ, ಗ್ರಹಗಣಿತ, ಗೋಲಾಧ್ಯಾಯಗಳೆಂಬುವು ಅದರ ನಾಲ್ಕು ಭಾಗಗಳು. 1183ರಲ್ಲಿ ಕರಣಕುತೂಹಲವನ್ನು ರಚಿಸಿದನು.

ಗೋಳದ ಮೇಲ್ಮೈಯ ಕ್ಷೇತ್ರಫಲವನ್ನು ಆತನು ಸಾಧಿಸಿದ ಬಗೆಯು ಗಮನಾರ್ಹವು. ಪರಿಧಿಯನ್ನು 96 ಭಾಗವೆಂದೆಣಿಸಿ, ಮೇಲ್ಮೈಯನ್ನು ನೆಲ್ಲಿಕಾಯಿಯ ಹೋಳುಗಳಂತೆ ಮೇಲಿನಿಂದ ಕೆಳಕ್ಕೆ 96 ಪಟ್ಟಿಗಳಾಗಿ ವಿಭಜಿಸಿದನು. ಪಟ್ಟಿಯ ಅಗಲವು ಎಲ್ಲೆಡೆಯಲ್ಲಿಯೂ ಆಯಾ ಜ್ಯೆಯ ಪ್ರಮಾಣದಲ್ಲಿರುವುದು. ವೃತ್ತಪಾದದ 24 ಜ್ಯೆಗಳನ್ನು ಕೂಡಿಸಿ, ಅರ್ಧ ತ್ರಿಜ್ಯವನ್ನು ಕಳೆದು, ಉಳಿದುದನ್ನು ಅರ್ಧ ತ್ರಿಜ್ಯದಿಂದ ಭಾಗಿಸಲು ಪಟ್ಟಿಯ ಫಲವು ವ್ಯಾಸಕ್ಕೆ ಸಮನಾಯಿತು. ಹೀಗೆ ಮೇಲ್ಮೈಯ ಫಲವು ಪರಿಧಿ ಮತ್ತು ವ್ಯಾಸಗಳ ಗುಣಲಬ್ಧವೆಂದು ಸಿದ್ಧವಾಯಿತು.

ಇಂದಿನ ಭಾಷೆಯಲ್ಲಿ ಇದು ಜ್ಯಾರೇಖೆಯ ಕೆಳಗಿನ ಕ್ಷೇತ್ರದ ಅನುಕಲನವೇ ಸರಿ. ತ್ರಿಜ್ಯವು 1 ಆದರೆ ವೃತ್ತಪಾದದಲ್ಲಿ ಆ ಕ್ಷೇತ್ರವೂ 1. ಜ್ಯೆಯಿಂದ ಚಾಪವನ್ನು ತಿಳಿಸುವ ವಿಲೋಮರೇಖೆಯ ಕ್ಷೇತ್ರವೂ ಇದರಿಂದಲೇ ದೊರೆಯುವುದು. ವೃತ್ತಪಾದದ ಚಾಪವು 1.5708, ಅಷ್ಟು ಉದ್ದದ, 1 ಎತ್ತರದ ಆಯತದಲ್ಲಿ ಜ್ಯಾರೇಖೆಯ ಕೆಳಗಿನ 1ನ್ನು ಕಳೆಯಲು ಮೇಲೆ ಉಳಿಯುವುದು 0.5708. ಆಯತವನ್ನು ಪಕ್ಕಕ್ಕೆ ತಿರುಗಿಸಿ ನೋಡಿದರೆ ಆ ಶೇಷವೇ ವಿಲೋಮರೇಖೆಯ ಕೆಳಗಿನ ಕ್ಷೇತ್ರವು.

ಈ ಕೊನೆಯ ಪ್ರಶ್ನೆಯನ್ನು ಭಾಸ್ಕರನು ಎತ್ತಲಿಲ್ಲ. ಎಲ್ಲ ವಕ್ರರೇಖೆಗಳಿಗೂ ಅನ್ವಯಿಸುವ ಸಾಮಾನ್ಯ ವಿಧಿಯನ್ನೂ ಕೊಡಲಿಲ್ಲ. ಅದು 17ನೆಯ ಶತಮಾನದಲ್ಲಿ ನ್ಯೂಟನ್ ಮತ್ತು ಲೈಬ್‌ನಿಟ್ಸರಿಂದ ಆಯಿತು. ಇಲ್ಲದುದನ್ನು ಆರೋಪಿಸಿ ಹೊಗಳಿದರೆ, ಇದ್ದ ನಿಜವಾದ ಹಿರಿಮೆಯೂ ಸಂಶಯಕ್ಕೀಡಾಗುವುದು.

ಆತನ ಮೊಮ್ಮಗನಾದ ಚಾಂಗದೇವನು ಚಾಳೀಸಗಾಂವದ ಬಳಿಯ ಪಾಟಣದಲ್ಲಿ ಅಜ್ಜನ ಗ್ರಂಥಗಳ ಅಧ್ಯಯನಕ್ಕಾಗಿ ಮಠವನ್ನು ಸ್ಥಾಪಿಸಿದುದನ್ನು 1207ರ ಶಾಸನವು ತಿಳಿಸುತ್ತದೆ. ಹುಟ್ಟೂರಿನ ವಾದವು ತೀರಲಿ, ತೀರದಿರಲಿ. ಈ ಒಂದು ಲೆಕ್ಕವನ್ನು ನಮ್ಮ ಪ್ರೌಢಶಾಲೆಗಳಲ್ಲಿ ಕನ್ನಡದಲ್ಲಿಯೇ ಹೇಳಿಕೊಡಲು ಯಾವ ಅಡ್ಡಿಯೂ ಇಲ್ಲ.