ಕಿಣ್ವಗಳ ಬೆನ್ನು ಹತ್ತಿದ ಕಮಲಾ ಸೋಹೋನಿ

ಲೆಕ್ಕಪತ್ರ, ತೆರಿಗೆ, ಆಡಿಟಿಂಗ್ ಓದುವವಳಿಗೆ ಜೀವರಸಾಯನ ಶಾಸ್ತ್ರದ ಗೊಡವೆ ಯಾಕೆ ಅಂತ ನಮ್ಮ ಸಾಹಿತ್ಯ ಸಂಘದ ಗೆಳೆಯರು ನಗಬಹುದು. ನಗಲಿ. ಹತ್ತನೆಯ ತರಗತಿಯವರೆಗೆ ಡೊಂಬಿವಲಿಯಲ್ಲಿ ಕನ್ನಡ ಮಾಧ್ಯಮದಲ್ಲಿ ಕಲಿತ ನನಗೆ ವಿಜ್ಞಾನವೆಂದರೆ ಬಹಳ ಇಷ್ಟ. ಕಿಣ್ವ ಎಂಬ ಪದವನ್ನು ಕನ್ನಡದಲ್ಲೇ ಕಲಿತವಳು ನಾನು. ಮುಂದೆ ಸೈನ್ಸ್ ತಗೋತೀನಿ ಎಂದಾಗ, ಇಂಗ್ಲಿಷಿನಲ್ಲಿ ನಿನಗೆ ಆಗೋದಿಲ್ಲ, ಪ್ರಾಕ್ಟಿಕಲ್ ಮುಗಿಸಿ ಕತ್ತಲಾದ ಮೇಲೆ ಹುಡುಗಿ ಒಬ್ಬಳೇ ಗಾಡಿಯಲ್ಲಿ ಬರೋದು ಬೇಡ ಎಂದು ಮನೆಯ ಹಿರಿಯರು ಹೇಳಿದರು. ನಾನೂ ಹೂಂ ಅಂದೆ. ಆ ಹೂಂ ಅಂದದ್ದು ಸರಿಯೋ ತಪ್ಪೋ ಎಂಬ ಪ್ರಶ್ನೆ, ಕಮಲಾ ಸೋಹೋನಿಯವರ ಜೀವನವನ್ನು ಓದಿದ ಮೇಲೆ ಮತ್ತೆ ತಲೆ ಎತ್ತಿದೆ.

ಕಮಲಾ ಭಾಗವತ್ 1911ರಲ್ಲಿ ಇಂದೂರಿನಲ್ಲಿ ಹುಟ್ಟಿದರು. ತಂದೆ ನಾರಾಯಣರಾವ್, ತಂದೆಯ ಸೋದರ ಮಾಧವರಾವ್ ಇಬ್ಬರೂ ರಸಾಯನ ಶಾಸ್ತ್ರಜ್ಞರು. ಇಬ್ಬರೂ ಓದಿದ್ದು ನಮ್ಮ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ. ಮರಾಠಿಯ ಪ್ರಸಿದ್ಧ ಲೇಖಕಿ ದುರ್ಗಾ ಭಾಗವತ್ ಇವರ ಅಕ್ಕ. 1933ರಲ್ಲಿ ಮುಂಬೈ ವಿಶ್ವವಿದ್ಯಾಲಯದಿಂದ ಬಿ.ಎಸ್‌ಸಿ. ಮುಗಿಸಿದ ಕಮಲಾ, ತಂದೆ ಓದಿದ ಸಂಸ್ಥೆಗೇ ಅರ್ಜಿ ಹಾಕಿದರು. ಅಂಕಗಳೇನೋ ಇದ್ದವು. ಆದರೆ ಸಂಸ್ಥೆಯ ನಿರ್ದೇಶಕರಾಗಿದ್ದ ಸರ್ ಸಿ. ವಿ. ರಾಮನ್ ಹೆಣ್ಣುಮಕ್ಕಳನ್ನು ಸೇರಿಸಿಕೊಳ್ಳುವುದಿಲ್ಲ ಎಂದುಬಿಟ್ಟರು.

ರಾಮನ್ ಎಂದರೆ ಸಾಮಾನ್ಯರೇ? ಮೂರು ವರ್ಷದ ಹಿಂದಷ್ಟೇ ನೊಬೆಲ್ ಬಹುಮಾನ ಪಡೆದವರು. ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೇ ಕೈ ಬಿಡುತ್ತಿದ್ದರು. ಕಮಲಾ ಬೆಂಗಳೂರಿಗೆ ಹೋಗಿ ಕಾರಣ ಕೇಳಿದರು, ರಾಮನ್ನರ ಕಚೇರಿಯ ಮುಂದೆ ಸತ್ಯಾಗ್ರಹ ಹೂಡಿದರು. ಕೊನೆಗೆ ರಾಮನ್ ಒಪ್ಪಿದರು, ಆದರೆ ಷರತ್ತಿನ ಮೇಲೆ. ಮೊದಲ ವರ್ಷ ರೆಗ್ಯುಲರ್ ವಿದ್ಯಾರ್ಥಿನಿ ಅಲ್ಲ. ಕೆಲಸ ತೃಪ್ತಿಕರ ಎನಿಸಿದರೆ ಮಾತ್ರ ಮಾನ್ಯತೆ. ಮಾರ್ಗದರ್ಶಕರು ಹೇಳಿದರೆ ರಾತ್ರಿಯವರೆಗೂ ದುಡಿಯಬೇಕು. ಲ್ಯಾಬೊರೇಟರಿಯ ವಾತಾವರಣ ಕೆಡಿಸಬಾರದು. ಈ ಕಡೆಯ ಷರತ್ತನ್ನು ಯಾವ ಹುಡುಗನಿಗೂ ಹಾಕಿರಲಿಲ್ಲ ಎಂಬುದನ್ನು ಬೇರೆ ಹೇಳಬೇಕಿಲ್ಲ.

ಅಲ್ಲಿ ಶ್ರೀನಿವಾಸಯ್ಯನವರ ಕೈಕೆಳಗೆ ಹಾಲು ಮತ್ತು ಬೇಳೆಕಾಳುಗಳ ಪ್ರೋಟೀನುಗಳ ಮೇಲೆ ಕೆಲಸ ಮಾಡಿದರು. ವರ್ಷ ಕಳೆಯುವುದರಲ್ಲಿ ರಾಮನ್ನರಿಗೆ ಮನವರಿಕೆಯಾಯಿತು. ಮುಂದೆ ಆ ಸಂಸ್ಥೆಯ ಬಾಗಿಲು ಬೇರೆ ಹುಡುಗಿಯರಿಗೂ ತೆರೆಯಿತು. 1936ರಲ್ಲಿ ಕಮಲಾ ಎಂ.ಎಸ್‌ಸಿ. ಪಡೆದರು.

ಇಲ್ಲಿ ಕಿಣ್ವದ ವಿಷಯ ಸ್ವಲ್ಪ ಹೇಳಬೇಕು. ನಮ್ಮ ಕಾಮರ್ಸ್ ಭಾಷೆಯಲ್ಲಿ ಹೇಳುವುದಾದರೆ ಕಿಣ್ವವೆಂದರೆ ದಲಾಲಿ ತೆಗೆದುಕೊಳ್ಳದ ದಲ್ಲಾಳಿ. ಎರಡು ವಸ್ತುಗಳನ್ನು ಕೂಡಿಸುತ್ತದೆ, ಇಲ್ಲವೇ ಒಂದನ್ನು ಎರಡಾಗಿ ಒಡೆಯುತ್ತದೆ. ವ್ಯವಹಾರ ಮುಗಿದ ಮೇಲೆ ತಾನು ಇದ್ದ ಹಾಗೇ ಹೊರಬಂದು ಮುಂದಿನ ಗಿರಾಕಿಯನ್ನು ಹಿಡಿಯುತ್ತದೆ. ಒಂದೊಂದು ಕಿಣ್ವಕ್ಕೂ ಅದರದೇ ಗಿರಾಕಿ. ಬೀಗಕ್ಕೆ ಬೀಗದಕೈ ಕೂಡುವ ಹಾಗೆ ಎಂದು ಜರ್ಮನಿಯ ಎಮಿಲ್ ಫಿಷರ್ 1894ರಲ್ಲೇ ವಿವರಿಸಿದ್ದ. ಆದರೆ ಕಿಣ್ವ ಸದಾ ದುಡಿಯುತ್ತಲೇ ಇದ್ದರೆ ದೇಹ ಉಳಿಯುವುದಿಲ್ಲ. ಗೋದಾಮು ತುಂಬಿದಾಗ ಕಾರ್ಖಾನೆಗೆ ತಯಾರಿ ನಿಲ್ಲಿಸು ಎಂದು ಹೇಳಿಕಳಿಸುವಂತೆ, ತಯಾರಾದ ಮಾಲೇ ಎಷ್ಟೋ ಸಲ ಮೊದಲ ಕಿಣ್ವದ ಕೈ ಹಿಡಿದು ನಿಲ್ಲಿಸುತ್ತದೆ.

ಎಂ.ಎಸ್‌ಸಿ. ಆದ ಮೇಲೆ ಕಮಲಾ ವಿದ್ಯಾರ್ಥಿವೇತನ ಪಡೆದು ಕೇಂಬ್ರಿಜ್‌ಗೆ ಹೋದರು. ಅಲ್ಲಿ ಮೊದಲು ಡೆರೆಕ್ ರಿಕ್ಟರ್, ಆಮೇಲೆ ರಾಬಿನ್ ಹಿಲ್ ಅವರ ಬಳಿ ಸಂಶೋಧನೆ. ಆಲೂಗೆಡ್ಡೆಯ ಮೇಲೆ ಕೆಲಸ ಮಾಡುತ್ತಾ, ಸಸ್ಯದ ಜೀವಕೋಶದಲ್ಲೂ ಸೈಟೋಕ್ರೋಮ್ ಸಿ ಇದೆ ಎಂದು ಕಂಡುಕೊಂಡರು. ಉಸಿರಾಟದ ಸರಪಣಿಯಲ್ಲಿ ಇದು ಎಲೆಕ್ಟ್ರಾನುಗಳನ್ನು ಹೊತ್ತು ತಂದು ಸೈಟೋಕ್ರೋಮ್ ಆಕ್ಸಿಡೇಸ್ ಎಂಬ ಕಿಣ್ವದ ಕೈಗೆ ಕೊಡುತ್ತದೆ. ಆ ಕಿಣ್ವ ಅವನ್ನು ಆಮ್ಲಜನಕಕ್ಕೆ ಸೇರಿಸುತ್ತದೆ. ಪ್ರಾಣಿಗಳಲ್ಲಿ ತಿಳಿದಿದ್ದ ಈ ವ್ಯವಸ್ಥೆ ಗಿಡಕ್ಕೂ ಉಂಟು ಎಂದಾಯಿತು. ಹದಿನಾಲ್ಕು ತಿಂಗಳ ಕೆಲಸ, ಕೇವಲ 40 ಪುಟದ ಪ್ರಬಂಧ. 1939ರಲ್ಲಿ ಡಾಕ್ಟರೇಟ್ ಬಂತು. ವಿಜ್ಞಾನದಲ್ಲಿ ಆ ಪದವಿ ಪಡೆದ ಮೊದಮೊದಲ ಭಾರತೀಯ ಮಹಿಳೆಯರಲ್ಲಿ ಅವರೊಬ್ಬರಾದರು.

ವಿಲಾಯತಿಯಲ್ಲೇ ಇರಬಹುದಿತ್ತು. ಅದೇ ವರ್ಷ ಭಾರತಕ್ಕೆ ಮರಳಿದರು. ದಿಲ್ಲಿಯ ಲೇಡಿ ಹಾರ್ಡಿಂಜ್ ಕಾಲೇಜು, ಕೂನೂರಿನ ಪೋಷಣಾ ಸಂಶೋಧನಾಲಯ ಎಂದು ದುಡಿದರು. 1947ರಲ್ಲಿ ಎಂ. ವಿ. ಸೋಹೋನಿಯವರನ್ನು ಮದುವೆಯಾಗಿ ಮುಂಬೈಗೆ ಬಂದರು. ಯಜಮಾನರು ಆಕ್ಚುಅರಿ, ಅಂದರೆ ವಿಮೆಯ ಲೆಕ್ಕ ಹಾಕುವವರು. ನಮ್ಮ ಪೈಕಿಯವರೇ ಅನ್ನಿ! ಮುಂಬೈಯ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸ್‌ನಲ್ಲಿ ಕಮಲಾ ಜೀವರಸಾಯನ ಶಾಸ್ತ್ರದ ಪ್ರಾಧ್ಯಾಪಕಿಯಾದರು.

ನನಗೆ ಅತ್ಯಂತ ಹಿಡಿಸಿದ್ದು ಇಲ್ಲಿ ಅವರು ಮಾಡಿದ ಅವರೆಕಾಳಿನ ಕೆಲಸ. ಊರಲ್ಲಿ ನಾವು ಹಿತಕಿದ ಅವರೆ ಅನ್ನುತ್ತೇವೆ. ಇಲ್ಲಿ ಕಲ್ಯಾಣ್ ಮಾರ್ಕೆಟ್ಟಿನಲ್ಲಿ ಅದರ ಒಣಕಾಳಿಗೆ ವಾಲ್ ಅಂತಾರೆ. ರಾತ್ರಿ ನೆನೆಸಿ, ಮೊಳಕೆ ಬರಿಸಿ, ಸಿಪ್ಪೆ ಸುಲಿದು ಮರಾಠಿಯವರು ಬಿರ್ಡೆ ಮಾಡುತ್ತಾರೆ. ಇದನ್ನು ಯಾರೂ ಹಸಿಯಾಗಿ ತಿನ್ನುವುದಿಲ್ಲ. ಯಾಕೆ?

ಪ್ರೋಟೀನನ್ನು ಜೀರ್ಣಿಸುವ ಮುಖ್ಯ ಕಿಣ್ವಗಳಲ್ಲಿ ಟ್ರಿಪ್ಸಿನ್ ಒಂದು. ಮೇದೋಜೀರಕ ಗ್ರಂಥಿ ಇದನ್ನು ನೇರ ತಯಾರಿಸುವುದಿಲ್ಲ. ಟ್ರಿಪ್ಸಿನೋಜನ್ ಎಂಬ ನಿದ್ದೆಯ ರೂಪದಲ್ಲಿ ತಯಾರಿಸುತ್ತದೆ. ಸಣ್ಣ ಕರುಳಿಗೆ ಬಂದ ಮೇಲೆ ಬೇರೊಂದು ಕಿಣ್ವ ಅದರ ಒಂದು ತುಣುಕನ್ನು ಕತ್ತರಿಸಿದಾಗ ಅದಕ್ಕೆ ಎಚ್ಚರ. ಗ್ರಂಥಿಯಲ್ಲೇ ಎಚ್ಚರವಾದರೆ ಗ್ರಂಥಿಯನ್ನೇ ಅದು ಜೀರ್ಣಿಸೀತು! ಅದಕ್ಕಾಗಿ ಗ್ರಂಥಿಯೊಳಗೆ ಒಂದು ಪ್ರತಿಬಂಧಕವೂ ಕಾವಲಿದೆ. ಇಂಥದೇ ಪ್ರತಿಬಂಧಕಗಳು ಕಾಳುಗಳಲ್ಲೂ ಇವೆ. ಹುಳುಗಳಿಂದ ಕಾಳು ತನ್ನನ್ನು ಕಾಪಾಡಿಕೊಳ್ಳಲು ಅವು ನೆರವು. ತಿರುಗದ ಬೀಗದಕೈ ಬೀಗದಲ್ಲಿ ಸಿಕ್ಕಿಕೊಂಡ ಹಾಗೆ ಅವು ಟ್ರಿಪ್ಸಿನ್ನಿಗೆ ಅಂಟಿಕೊಳ್ಳುತ್ತವೆ. ಆಮೇಲೆ ಎಷ್ಟು ಪ್ರೋಟೀನು ತಿಂದರೂ ಮೈಗೆ ಹತ್ತುವುದು ಕಡಿಮೆ. ಸೋಯಾವನ್ನು ಬೇಯಿಸದೆ ಕೊಟ್ಟರೆ ಇಲಿಗಳು ಸರಿಯಾಗಿ ಬೆಳೆಯವು ಎಂದು ಅಮೆರಿಕದ ಓಸ್‌ಬೋರ್ನ್ ಮತ್ತು ಮೆಂಡೆಲ್ 1917ರಲ್ಲೇ ತೋರಿಸಿದ್ದರು. ನಮ್ಮ ಅವರೆ ಮತ್ತು ಡಬಲ್ ಬೀನ್ಸ್‌ನಿಂದ ಈ ಪ್ರತಿಬಂಧಕಗಳನ್ನು ಹರಳಿನ ರೂಪದಲ್ಲಿ ಬೇರ್ಪಡಿಸಿ ಕಮಲಾ ಸೋಹೋನಿ ಮತ್ತು ಕೆ. ಎಸ್. ಅಂಬೆ 1955ರಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಚೆನ್ನಾಗಿ ಬೇಯಿಸಿದರೆ ಇವು ಬಹುಮಟ್ಟಿಗೆ ಶಕ್ತಿ ಕಳೆದುಕೊಳ್ಳುತ್ತವೆ. ಹಾಲು ಮೊಟ್ಟೆ ಕೊಳ್ಳಲಾಗದವರಿಗೆ ಬೇಳೆಕಾಳೇ ಪ್ರೋಟೀನು. ಅದು ಮೈಗೆ ಹತ್ತುತ್ತದೋ ಇಲ್ಲವೋ ಎಂಬುದು ಸಣ್ಣ ಪ್ರಶ್ನೆಯಲ್ಲ.

ರಾಷ್ಟ್ರಪತಿ ರಾಜೇಂದ್ರ ಪ್ರಸಾದರ ಸೂಚನೆಯಂತೆ ಅವರು ನೀರಾದ ಪೌಷ್ಟಿಕ ಗುಣಗಳನ್ನೂ ಪರೀಕ್ಷಿಸಿದರು. ಆ ಕೆಲಸಕ್ಕೆ ರಾಷ್ಟ್ರಪತಿ ಪ್ರಶಸ್ತಿ ಸಿಕ್ಕಿತು. ಆರೇ ಹಾಲಿನ ಯೋಜನೆಗೂ ಸಲಹೆ ಕೊಟ್ಟರು. ಇಷ್ಟಾದರೂ ಸಂಸ್ಥೆಯ ನಿರ್ದೇಶಕಿಯ ಹುದ್ದೆ ಅವರಿಗೆ ಸಿಗುವಾಗ ತಡವಾಗಿಯೇ ಹೋಯಿತು. ನಿವೃತ್ತಿಯ ನಂತರ ಗ್ರಾಹಕರ ಸಂಘದಲ್ಲಿ ದುಡಿದು, ಕಲಬೆರಕೆಯ ವಿರುದ್ಧ ಬರೆದು, 1982-83ರಲ್ಲಿ ಅದರ ಅಧ್ಯಕ್ಷೆಯೂ ಆದರು. 1998ರಲ್ಲಿ ದಿಲ್ಲಿಯಲ್ಲಿ ಸನ್ಮಾನ ಸಭೆಯೊಂದರಲ್ಲಿ ಕುಸಿದು ಬಿದ್ದವರು ಸ್ವಲ್ಪ ದಿನಗಳಲ್ಲೇ ತೀರಿಕೊಂಡರು.

ರಾಮನ್ನರು ಮಹಾನ್ ವಿಜ್ಞಾನಿ ಎಂದು ಅವರು ಕೊನೆಯವರೆಗೂ ಒಪ್ಪಿದರು. ಆದರೆ ಬೆಂಗಳೂರಿನ ಆ ಅವಮಾನವನ್ನು ಮುಪ್ಪಿನಲ್ಲೂ ಮರೆಯಲಿಲ್ಲ, ಮರೆತಂತೆ ನಟಿಸಲೂ ಇಲ್ಲ. ಮಹಿಳಾ ವಿಜ್ಞಾನಿಗಳು ಸನ್ಮಾನಿಸಿದಾಗ ಅದನ್ನು ಸಭೆಯಲ್ಲೇ ಹೇಳಿದರು. ದೇಹದಲ್ಲಿ ಕಿಣ್ವಕ್ಕೆ ಹಾಕುವ ಕಡಿವಾಣಕ್ಕೆ ಒಂದು ಕಾರಣ ಇರುತ್ತದೆ, ಸಮಯ ಬಂದಾಗ ಅದು ಕಳಚುತ್ತದೆ. ಕಮಲಾರಿಗೆ ಹಾಕಿದ ಕಡಿವಾಣಕ್ಕೆ ಏನು ಕಾರಣವಿತ್ತು?

ನನ್ನ ಲೆಕ್ಕಪತ್ರ ನನಗಿರಲಿ, ಅದೂ ನನಗೆ ಈಗ ಬೇಸರವಿಲ್ಲ. ಆದರೆ ನನ್ನ ತಂಗಿ ಈ ವರ್ಷ ಹತ್ತನೆಯಲ್ಲಿದ್ದಾಳೆ, ಸೈನ್ಸ್ ಬೇಕು ಅನ್ನುತ್ತಾಳೆ. ಪ್ರಾಕ್ಟಿಕಲ್ ಮುಗಿಯುವಾಗ ಕತ್ತಲಾದರೆ ಸ್ಟೇಷನ್ನಿಗೆ ನಾನೇ ಹೋಗಿ ಕರಕೊಂಡು ಬರ್ತೇನೆ ಅಂತ ಮನೆಯಲ್ಲಿ ಹೇಳಿಟ್ಟಿದ್ದೇನೆ.